ಇಪ್ಪತ್ತನಾಲ್ಕು ಗಂಟಿನ ಹಗ್ಗ

ಮಾಯೆನ್ ಕಡಗವನ್ನು ಕಣ್ಣಿಂದ ನೋಡಿ ತೆಗೆದುಕೊಂಡವಳಲ್ಲ. ಸಂತೆಯಲ್ಲಿ ಯಾರೇ ಕೊಟ್ಟರೂ ಎಡಗೈಯ ಒಂದು ಬೆರಳಿಗೆ ಅದನ್ನು ತೂಗುಹಾಕಿ, ತಾಳೆಬೀಜ ಒಡೆಯುವ ಕಲ್ಲಿನಿಂದ ಒಂದೇ ಒಂದು ಸಲ ತಟ್ಟಿ, ಕಿವಿ ಕೊಡುತ್ತಿದ್ದಳು. ಒಳ್ಳೆಯದಾದರೆ ಸದ್ದು ತೆಳ್ಳಗಾಗುತ್ತ ಹೋಗಿ, ಇನ್ನೇನು ನಿಂತಿತು ಅನ್ನುವಾಗಲೂ ನಿಲ್ಲದೆ ಸ್ವಲ್ಪ ದೂರ ಹೋಗುತ್ತಿತ್ತು. ಸೀಸ ಬೆರೆತದ್ದಾದರೆ ಮಡಕೆ ಬಡಿದ ಹಾಗೆ ಅಲ್ಲಿಗೇ ಸಾಯುತ್ತಿತ್ತು. "ನಿನ್ನ ಕಿವಿ ಅಲ್ಲ ಕಣೇ, ತಕ್ಕಡಿ" ಎಂದು ನೆರೆಮನೆಯ ಅಫಿಯಾಂಗ್ ಹೇಳುತ್ತಿದ್ದಳು. ಅಫಿಯಾಂಗಳ ಕಡಗಗಳನ್ನೂ ಮಾಯೆನ್‌ಳೇ ತಟ್ಟಿ ಕೊಡುತ್ತಿದ್ದಳು.

ಎರಡು ತುದಿ ಕೂಡದ, ಎಳೆಮಗುವಿನ ಕೈಗೆ ಹಿಡಿಯುವಷ್ಟು ಹಿತ್ತಾಳೆ ಕಡಗ, ಒಕ್ಪೊಹೊ, ಅದೇ ಆ ಸೀಮೆಯ ದುಡ್ಡು. ಹೆಗ್ಗೆಣಸಿಗೂ ಅದೇ, ಒಣಮೀನಿಗೂ ಅದೇ, ಹೆಣ್ಣಿನ ತೆರಕ್ಕೂ ಅದೇ, ಸತ್ತವರ ಮಣ್ಣಿಗೂ ಅದೇ. ಶಿಲಿಂಗು ಬೇಕಾಗುತ್ತಿದ್ದದ್ದು ತಲೆಗಂದಾಯಕ್ಕೆ ಮತ್ತು ಕೋರ್ಟಿಗೆ. ಒಂದು ಶಿಲಿಂಗಿಗೆ ಎಷ್ಟು ಕಡಗ ಎಂಬುದನ್ನು ಯಾರೂ ಡಂಗುರ ಹೊಡೆದು ಹೇಳುತ್ತಿರಲಿಲ್ಲ. ತಾಳೆ ಎಣ್ಣೆ ಹೇಳುತ್ತಿತ್ತು. ನದಿಯ ಬಾಯಲ್ಲಿರುವ ಕಂಪನಿಯ ಗೋದಾಮುಗಳಲ್ಲಿ ಎಣ್ಣೆಗೆ ಬೆಲೆ ಏರಿದ ವರ್ಷ ದಲ್ಲಾಳಿಗಳು ಶಿಲಿಂಗಿನ ಚೀಲ ಹೊತ್ತು ಊರೂರು ಸುತ್ತುತ್ತಿದ್ದರು. ಎಣ್ಣೆ ಮಾರುವವರು ಕಡಗವನ್ನಲ್ಲದೆ ಬೇರೇನನ್ನೂ ಮುಟ್ಟರು. ಹಾಗಾಗಿ ದಲ್ಲಾಳಿಗಳು ಕಡಗಕ್ಕೆ ಮುಗಿಬಿದ್ದು, ನಾಲ್ಕಕ್ಕೇ ಒಂದು ಶಿಲಿಂಗು ಕೊಡುತ್ತಿದ್ದರು. ಎಣ್ಣೆಯ ಬೆಲೆ ಬಿದ್ದ ವರ್ಷ ಹನ್ನೆರಡು ಕಡಗ ಸುರಿದರೆ ಒಂದು ಶಿಲಿಂಗು. ಕಂದಾಯ ಮಾತ್ರ ಆ ವರ್ಷವೂ ಒಂದು ಪೆನ್ನಿ ಕಡಿಮೆಯಾಗುತ್ತಿರಲಿಲ್ಲ.

ಮಾಯೆನ್‌ಳ ಒಬ್ಬಳೇ ಮಗಳು ಇಮಾಳ ತೆರ ಬಂದದ್ದು ಅಂಥದೊಂದು ಹನ್ನೆರಡರ ವರ್ಷದಲ್ಲಿ. ಆರುನೂರು ಕಡಗ. ಕೊಟ್ಟವನು ಉಮೊರೆನ್, ಎಣ್ಣೆ ದಲ್ಲಾಳಿ. ಆಗ ಅವನಿಗಿದ್ದದ್ದು ಒಂದು ಸೈಕಲ್ಲು, ಎರಡು ಪೀಪಾಯಿ. ಆದರೆ ಅವನು ಕಂದಾಯದ ತಿಂಗಳಲ್ಲಿ ಜನ ಶಿಲಿಂಗಿಗಾಗಿ ಬಾಯಿ ಬಿಡುವಾಗ ಕಡಗ ಕೊಂಡು ಗುಡ್ಡೆ ಹಾಕಿ, ಎಣ್ಣೆಯ ಸುಗ್ಗಿಯಲ್ಲಿ ಅದನ್ನೇ ಮೂರು ಪಟ್ಟಿಗೆ ಬಿಡುತ್ತಿದ್ದ. ಎಣ್ಣೆಯಲ್ಲಿ ಸಿಗುವುದಕ್ಕಿಂತ ಹೆಚ್ಚು ಅವನಿಗೆ ಇದರಲ್ಲಿ ಸಿಗುತ್ತಿತ್ತು. ಹೆಣ್ಣು ಕೇಳಲು ಬಂದ ದಿನವೇ ನಗುತ್ತ ಹೇಳಿದ್ದ: "ಬೇರೆಯೋರು ಮಳೆ ಮೋಡ ನೋಡ್ತಾರೆ ಅತ್ತೆ, ನಾನು ದುಡ್ಡಿನ ಮೋಡ ನೋಡ್ತೀನಿ."

ಆ ಆರುನೂರರಲ್ಲಿ ನಾಲ್ಕುನೂರು ಮಾಯೆನ್‌ಳ ಗಂಡನ ತಮ್ಮನ ಮದುವೆಗೆ ಹೋಯಿತು. ಮಿಕ್ಕ ಇನ್ನೂರು ಗಂಡನ ಮಣ್ಣಿಗೇ ಹೋಯಿತು.

ಹದಿನಾಲ್ಕು ವರ್ಷ ಇಮಾ ಅವನ ಮನೆಯಲ್ಲಿ ಬಾಳಿದಳು. ಎರಡು ಹೆತ್ತು ಎರಡನ್ನೂ ಕಳೆದುಕೊಂಡಳು. ಮೊದಲನೆಯ ಸಲ ತವರಿಗೆ ಬಂದಾಗ ಹಲ್ಲು ಮುರಿದಿತ್ತು. ಇನ್ಯಾಂಗ್ ಮುದುಕ, ಈ ಸಂಬಂಧ ಕುದುರಿಸಿದವನು, ಅವಳನ್ನು ಕೈಹಿಡಿದು ವಾಪಸು ಬಿಟ್ಟುಬಂದ. ಎರಡನೆಯ ಸಲ ಬಂದಾಗ ಬಲಗೈ ಮಣಿಕಟ್ಟು ಬಾತು ಪಕ್ಕಕ್ಕೆ ತಿರುಗಿತ್ತು. ಎಣ್ಣೆಯ ಪೀಪಾಯಿಗೆ ನೀರು ಸೇರಿಸು ಎಂದಿದ್ದನಂತೆ, ಇವಳು ಸೇರಿಸಲಿಲ್ಲವಂತೆ. ಯುದ್ಧ ಮುಗಿದು ಮೂರು ವರ್ಷ ಕಳೆದಿತ್ತು, ಮಳೆ ಹಿಂದೆಗೆಯುವ ಕಾಲ. ಆಗ ಅವಳಿಗೆ ಎರಡು ತಿಂಗಳಾಗಿತ್ತು.

"ಇನ್ನು ಹೋಗಲ್ಲ ಅವ್ವ" ಅಂದಳು.

"ಹೋಗಬೇಡ."

"ಇದು ಹುಟ್ಟಿದರೆ ಅವನದೇ."

ಹೌದು, ಅವನದೇ. ತೆರ ಯಾರ ಮನೆಯಿಂದ ಹೊರಟಿತ್ತೋ ಕೂಸು ಆ ಮನೆಯದು. ಹುಟ್ಟುವ ಮೊದಲೇ ತೆರ ಅವನ ಅಂಗಳಕ್ಕೆ ವಾಪಸು ಹೋದರೆ ಮಾತ್ರ ಹೆತ್ತವಳ ಪಾಲು. ಮಾಯೆನ್ ಒಳಗೆ ಹೋಗಿ, ಒಲೆಯ ಪಕ್ಕದ ಮೂರು ಕಲ್ಲು ಸರಿಸಿ, ಮಗಳನ್ನು ಕರೆದು ತೋರಿಸಿದಳು. ಮಣ್ಣಿನಲ್ಲಿ ಕುತ್ತಿಗೆಯವರೆಗೆ ಹೂತ ಎರಡು ಹರವಿ. ಎಣ್ಣೆ ಗಂಡಸರದು, ಬೀಜ ಹೆಂಗಸರದು ಎನ್ನುವ ಊರಿನಲ್ಲಿ, ಇಮಾಳ ಹಲ್ಲು ಮುರಿದ ದಿನದಿಂದ ಒಂಬತ್ತು ವರ್ಷ ಬೀಜ ಒಡೆದು, ಒಂದೊಂದನ್ನೂ ತಟ್ಟಿ ಕೇಳಿ ಕೂಡಿಟ್ಟದ್ದು. ಆರುನೂರಕ್ಕೆ ಹನ್ನೊಂದು ಕಡಿಮೆ ಇತ್ತು. ಹದಿನೈದು ದಿನದಲ್ಲಿ ಅದನ್ನೂ ತುಂಬಿದಳು.

ಆ ಹೊತ್ತಿಗೇ ಸರ್ಕಾರದ ಡಂಗುರವೂ ಬಂದಿತ್ತು.

ಸಂತೆಯ ದಿನ ಡೋಲಿನವನು ಹತ್ತಿಮರದ ಕೆಳಗೆ ನಿಂತು ಕೂಗಿದ: ಕಡಗ ಇನ್ನು ದುಡ್ಡಲ್ಲ. ಇವತ್ತಿನಿಂದ ಆರು ತಿಂಗಳು ಪಟ್ಟಣದ ಕಟ್ಟೆಯಲ್ಲಿ ಗುಮಾಸ್ತರು ಕೂರುತ್ತಾರೆ, ನಾಲ್ಕು ಕಡಗಕ್ಕೆ ಒಂದು ಶಿಲಿಂಗು ಕೊಡುತ್ತಾರೆ. ಆರು ತಿಂಗಳಾದ ಮೇಲೆ ಕೊಂಡರೂ ತಪ್ಪು, ಕೊಟ್ಟರೂ ತಪ್ಪು. ಶಾಸ್ತ್ರಕ್ಕೆಂದು ಇನ್ನೂರು ಇಟ್ಟುಕೊಳ್ಳಬಹುದು, ಅದಕ್ಕೆ ಮೇಲೆ ಸಿಕ್ಕಿದರೆ ಪೊಲೀಸು.

ಮಾಯೆನ್ ಬಾಳೆನಾರಿನ ಒಂದು ಹಗ್ಗ ತೆಗೆದುಕೊಂಡು ಗಂಟು ಹಾಕಲು ಕೂತಳು. ಅವಳ ಊರಿನಲ್ಲಿ ವಾರಕ್ಕೆ ಎಂಟು ದಿನ. ದೊಡ್ಡ ಸಂತೆಯಿಂದ ದೊಡ್ಡ ಸಂತೆಗೆ ಒಂದು ವಾರ. ನಾಲ್ಕು ವಾರಕ್ಕೆ ಒಂದು ತಿಂಗಳು. ಆರು ತಿಂಗಳಿಗೆ ಇಪ್ಪತ್ತನಾಲ್ಕು ಗಂಟು. ಎರಡು ಸಲ ಎಣಿಸಿ, ಅಫಿಯಾಂಗಳ ಕೈಲೂ ಎಣಿಸಿ, ಹಗ್ಗವನ್ನು ಬಾಗಿಲ ಮೇಲಿನ ಗಳುವಿಗೆ ಕಟ್ಟಿದಳು. ಸಂತೆಗೊಂದು ಗಂಟು ಬಿಚ್ಚುವುದು. ಅವಳ ಲೆಕ್ಕದಲ್ಲಿ ಯಾವತ್ತೂ ಒಂದೂ ತಪ್ಪು ಬಂದದ್ದಿಲ್ಲ.

"ನೀನೂ ತಗೊಂಡು ಹೋಗಿ ಶಿಲಿಂಗು ಮಾಡ್ಕೊಂಡು ಬಂದ್ಬಿಡೇ" ಎಂದಳು ಅಫಿಯಾಂಗ್, ತನ್ನ ಎಂಬತ್ತು ಕಡಗವನ್ನು ಬುಟ್ಟಿಗೆ ತುಂಬಿಕೊಳ್ಳುತ್ತ. "ನಾಲ್ಕಕ್ಕೊಂದು. ಇಷ್ಟು ಒಳ್ಳೆ ಬೆಲೆ ಇನ್ಯಾವತ್ತು ಬರತ್ತೆ?"

"ಕಡಗದಲ್ಲಿ ಬಂದ ತೆರ ಕಡಗದಲ್ಲೇ ಹೋಗಬೇಕಲ್ಲ."

ಇನ್ಯಾಂಗ್ ಮುದುಕನೂ ಅದನ್ನೇ ಹೇಳಿದ. "ಶಿಲಿಂಗು ಕೊಟ್ಟರೆ ಸಂಬಂಧ ಹರಿಯಲ್ಲ ತಾಯಿ, ಬಾಡಿಗೆ ಕೊಟ್ಟ ಹಾಗಾಗತ್ತೆ. ಅದೇ ಲೋಹ, ಅದೇ ಸಂಖ್ಯೆ, ಅವನ ಅಂಗಳದಲ್ಲಿ ನನ್ನೆದುರಿಗೆ ಎಣಿಸಿ ಸುರೀಬೇಕು. ಕೊಟ್ಟಾಗ ಎಣಿಸಿದೋನು ನಾನು, ಮರಳಿಸೋವಾಗಲೂ ನಾನೇ ಎಣಿಸಬೇಕು."

"ಹಾಗಾದರೆ ಬೇಗ ಒಂದು ದಿನ ಗೊತ್ತು ಮಾಡು ಮಾವ. ಅವಳಿಗೆ ದಿನ ತುಂಬ್ತಾ ಬರತ್ತೆ."

ದಿನ ಗೊತ್ತಾಗಲಿಲ್ಲ. ಮೊದಲು ಮುದುಕನ ಕಾಲಿಗೆ ಹುಣ್ಣಾಯಿತು. ಐದು ಗಂಟು ಬಿಚ್ಚುವವರೆಗೆ ಅವನು ಹಾಸಿಗೆ ಬಿಟ್ಟೇಳಲಿಲ್ಲ. ಆಮೇಲೆ ಉಮೊರೆನ್‌ನ ದೊಡ್ಡಪ್ಪ ಸತ್ತ. ಸೂತಕದ ಮನೆಯ ಅಂಗಳದಲ್ಲಿ ತೆರ ಎಣಿಸುವಂತಿಲ್ಲ, ಅದು ನಿಜವೇ. ಏಳು ಗಂಟು. ಅದು ಕಳೆದ ಮೇಲೆ ಉಮೊರೆನ್ ಎಣ್ಣೆ ಇಳಿಸಲು ನದಿಯ ಕೆಳಗೆ ಹೋದನೆಂದು ಹೇಳಿಕಳಿಸಿದರು. ಹೋದದ್ದು ಎಣ್ಣೆಗಲ್ಲ. ಪಟ್ಟಣಕ್ಕೆ ಒಂಬತ್ತು ಮೈಲಿ ಹೊತ್ತು ನಡೆಯಲಾಗದ ಮುದುಕಿಯರ ಕಡಗವನ್ನು ಶಿಲಿಂಗಿಗೆ ಆರರಂತೆ ಕೊಂಡು, ಲಾರಿಯಲ್ಲಿ ತುಂಬಿ ಗುಮಾಸ್ತರ ಕಟ್ಟೆಗೆ ನಾಲ್ಕರಂತೆ ಹಾಕುತ್ತಿದ್ದ.

ಸಂತೆಯಲ್ಲಿ ಕಡಗ ಕಾಣುವುದು ಕಡಿಮೆಯಾಯಿತು. ಮೀನಿನವಳು ಶಿಲಿಂಗು, ಪೆನ್ನಿ ಮಾತ್ರ ಅನ್ನತೊಡಗಿದಳು. ಮಾಯೆನ್ ಒಡೆದ ಬೀಜಕ್ಕೂ ಪೆನ್ನಿಯೇ ಬಂತು. ಆ ಪೆನ್ನಿಗಳನ್ನು ಅವಳು ತಟ್ಟಿ ನೋಡಿದಳು. ಎಲ್ಲವೂ ಒಂದೇ ತರಹ ಸದ್ದು ಮಾಡಿದವು.

"ಈ ಭಾನುವಾರ ಚರ್ಚಲ್ಲಿ ಏನೋ ಓದಿ ಹೇಳಿದರಂತೆ, ಕಟ್ಟೆ ಮುಚ್ಚೋ ವಿಚಾರ" ಎಂದಳು ಅಫಿಯಾಂಗ್ ಒಂದು ದಿನ. ಅವಳೂ ಚರ್ಚಿಗೆ ಹೋಗುವವಳಲ್ಲ, ನೀರಿನ ದಾರಿಯಲ್ಲಿ ಕೇಳಿದ್ದು.

ಮಾಯೆನ್ ತಲೆಯೆತ್ತಿ ಹಗ್ಗ ನೋಡಿದಳು. "ಇನ್ನೂ ಮೂರು ಗಂಟಿದೆಯಲ್ಲ."

ಎರಡು ಗಂಟು ಉಳಿದ ಸಂತೆಯ ದಿನ ಉಮೊರೆನ್ ತಾನೇ ಬಂದ. ಹೊಸ ಟೋಪಿ, ಕೈಯಲ್ಲಿ ಒಣಮೀನಿನ ಪೊಟ್ಟಣ. ಇಮಾ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

"ಅತ್ತೆ, ನನಗೂ ಈ ಕತೆ ಸಾಕಾಗಿದೆ. ಬರೋ ಸಂತೆ ದಿನ ತಗೊಂಡು ಬನ್ನಿ. ಎಣಿಸಿಬಿಡೋಣ."

"ನಾಳೆಯೇ ತರ್ತೀನಿ ಅಳಿಯಂದ್ರೇ. ಇಲ್ಲೇ ಇದೆ."

"ನಾಳೆ ನಾನು ಪಟ್ಟಣದಲ್ಲಿರ್ತೀನಿ. ಎಂಟು ದಿನದಲ್ಲಿ ಏನ್ ಲೂಟಿ ಹೋಗತ್ತೆ? ಆರು ತಿಂಗಳು ಕಾದೋರು ನೀವು." ಅವನು ಬಾಗಿಲ ಮೇಲಿನ ಹಗ್ಗವನ್ನು ನೋಡಿದ. ಬೆರಳಲ್ಲಿ ಆ ಎರಡು ಗಂಟುಗಳನ್ನು ಮುಟ್ಟಿದ. "ಇದೇನು ಅತ್ತೆ?"

"ಸರ್ಕಾರದ ಗಡುವು. ನೀವು ಎಣಿಸಿಕೊಳ್ಳದೇ ಹೋದರೂ ನನಗೆ ಇನ್ನೊಂದು ವಾರ ಇರತ್ತೆ. ಹೊತ್ತುಕೊಂಡು ಹೋಗಿ ಶಿಲಿಂಗು ಮಾಡ್ಕೊಂಡು ಬಂದೇನು. ನನ್ನನ್ನ ಅಷ್ಟು ಸುಲಭವಾಗಿ ಆಟ ಆಡಿಸೋಕಾಗಲ್ಲ."

"ಛೇ ಛೇ! ಎಷ್ಟು ಚೊಕ್ಕ ಲೆಕ್ಕ ಇಟ್ಟಿದ್ದೀರಿ" ಎಂದು ಅವನು ಹಗ್ಗವನ್ನು ಮೆಲ್ಲಗೆ ಬಿಟ್ಟ. "ನನ್ನ ಗುಮಾಸ್ತನಿಗೆ ನಿಮ್ಮ ಹತ್ತಿರ ಪಾಠ ಹೇಳಿಸಬೇಕು."

ಎಂಟು ದಿನದ ನಾಲ್ಕು ವಾರ ಸೇರಿದರೆ ಮೂವತ್ತೆರಡು ದಿನ, ಬಿಳಿಯರ ತಿಂಗಳು ಅಷ್ಟು ಉದ್ದವಿಲ್ಲವೆಂದು ಅವನು ಹೇಳಲಿಲ್ಲ. ಅವನ ಮನೆಯ ಗೋಡೆಯಲ್ಲಿ ಕಂಪನಿಯ ಕ್ಯಾಲೆಂಡರಿತ್ತು.

ಮುಂದಿನ ಸಂತೆಯ ದಿನ ಬೆಳಗ್ಗೆ ನಾಲ್ಕು ಬುಟ್ಟಿ, ಬುಟ್ಟಿಗೆ ನೂರೈವತ್ತು. ಮಾಯೆನ್, ಅಫಿಯಾಂಗ್, ಅಫಿಯಾಂಗಳ ಇಬ್ಬರು ಸೊಸೆಯರು ಹೊತ್ತರು. ಎಂಟು ತಿಂಗಳ ಹೊಟ್ಟೆ ಹೊತ್ತು ಇಮಾ ಹಿಂದೆ ಬಂದಳು. ತೆರ ಮರಳುವಾಗ ಹೆಣ್ಣು ಎದುರಿಗಿರಬೇಕು.

ಉಮೊರೆನ್‌ನ ಅಂಗಳ ಗುಡಿಸಿ ಚೊಕ್ಕವಾಗಿತ್ತು. ಇನ್ಯಾಂಗ್ ಮುದುಕನಿಗೆ ಮಣೆ ಹಾಕಿ, ಹೆಂಡದ ಸೋರೆಬುರುಡೆ ಇಟ್ಟಿದ್ದರು. ಮುದುಕ ಒಂದು ತೊಟ್ಟು ನೆಲಕ್ಕೆ ಚೆಲ್ಲಿ ಗತಿಸಿದ ಹಿರಿಯರನ್ನು ಕರೆದು ಎಣಿಸಲು ಕೂತ. ಹತ್ತು ಹತ್ತರ ಸಾಲು. ಪ್ರತಿಯೊಂದನ್ನೂ ಮಾಯೆನ್ ತಟ್ಟಿ ಕೊಡುತ್ತಿದ್ದಳು, ಅವನು ಕೇಳಿ ಇಡುತ್ತಿದ್ದ. ಸೂರ್ಯ ನೆತ್ತಿಗೆ ಬಂದ. ನಡುವೆ ಎರಡರ ಸದ್ದು ಸರಿಯಿಲ್ಲ ಎಂದು ಉಮೊರೆನ್ ಅಂದ. ಮಾಯೆನ್ ಸೆರಗಿನಿಂದ ಬೇರೆ ಎರಡು ತೆಗೆದು ಇಟ್ಟಳು; ಹೀಗೆ ಅನ್ನುತ್ತಾನೆಂದು ಗೊತ್ತಿದ್ದೇ ಹತ್ತು ಹೆಚ್ಚು ತಂದಿದ್ದಳು. ಅರವತ್ತು ಸಾಲು. ಅಂಗಳದ ತುಂಬ ಹಿತ್ತಾಳೆ ಹೊಳೆಯಿತು.

"ಆರುನೂರು" ಎಂದ ಇನ್ಯಾಂಗ್. "ಬಂದ ಹಾಗೇ ಹೋಯ್ತು. ಉಮೊರೆನ್, ಕೈಯಿಂದ ಮುಟ್ಟು, ಹುಡುಗಿನ ಬಿಡು."

ಉಮೊರೆನ್ ಎದ್ದು ಬಂದ. ಬಗ್ಗಲಿಲ್ಲ.

"ಮುಟ್ಟಿದರೆ ಪೊಲೀಸು ನನ್ನನ್ನ ಹಿಡೀತಾನೆ ತಾತ. ಇದು ಸತ್ತು ಮೂರು ದಿನ ಆಯ್ತು."

ಯಾರಿಗೂ ಅರ್ಥವಾಗಲಿಲ್ಲ.

"ಕಟ್ಟೆ ಮುಚ್ಚಿ ಮೂರು ದಿನ ಆಯ್ತು. ಗುಮಾಸ್ತರು ಮೇಜು ಕುರ್ಚಿ ಕಟ್ಟಿಕೊಂಡು ಹೋದರು. ಬೇಕಾದರೆ ಹೋಗಿ ನೋಡಿ."

"ಇನ್ನೂ ಒಂದು ಗಂಟಿದೆ" ಎಂದಳು ಮಾಯೆನ್.

"ಗಂಟು ನಿಮ್ಮದು ಅತ್ತೆ, ತಿಂಗಳು ಅವರದು. ಇನ್ನೂರಕ್ಕಿಂತ ಹೆಚ್ಚು ಇಟ್ಟುಕೊಂಡೋರಿಗೆ ಜೈಲು. ನೀವು ಆರುನೂರು ತಂದು ನನ್ನ ಅಂಗಳದಲ್ಲಿ ಹರಡಿದ್ದೀರಿ. ಅತ್ತೆ ಅಂತ ಸುಮ್ಮನಿದ್ದೀನಿ, ತುಂಬ್ಕೊಳ್ಳಿ ಬೇಗ."

ಇನ್ಯಾಂಗ್ ಮುದುಕನ ಬಾಯಿ ತೆರೆದೇ ಇತ್ತು. "ನೀನು ಗೊತ್ತಿದ್ದೂ ಎಣಿಸೋಕೆ ಬಿಟ್ಯೇನೋ? ಬೆಳಗಿಂದ? ನಿಮ್ಮಪ್ಪ ಇದ್ದಿದ್ದರೆ ನಿನ್ನ ಮುಖಕ್ಕೆ ಉಗೀತಿದ್ದ."

"ಸಂಪ್ರದಾಯ ಅಂತ ನೀವೇ ಅಲ್ವಾ ತಾತ ಹೇಳೋದು? ನಾನು ಸಂಪ್ರದಾಯಕ್ಕೆ ಅಡ್ಡ ಬರೋನಲ್ಲ." ಅವನು ಇಮಾಳ ಕಡೆ ನೋಡಿ, ದನಿ ತಗ್ಗಿಸಿದ. "ಬಿಡಲ್ಲ ಅಂತ ನಾನು ಅನ್ನಲ್ಲ. ಆರುನೂರಕ್ಕೆ ಸರ್ಕಾರದ ಬೆಲೆ ನೂರೈವತ್ತು ಶಿಲಿಂಗು. ತಂದುಕೊಟ್ಟ ದಿನ ಬಿಡ್ತೀನಿ."

ಇಮಾ ಬಾಗಲಾಗದೆ ಮಂಡಿಯೂರಿ ಕೂತು, ಮೊದಲನೆಯ ಸಾಲಿನಿಂದ ಕಡಗಗಳನ್ನು ಬುಟ್ಟಿಗೆ ಹಾಕತೊಡಗಿದಳು. ಮೇಲೆ ಸೊಪ್ಪು ಮುಚ್ಚಿ, ಮಾರಲು ಹೋಗುವವರ ಹಾಗೆ ನಡೆದು, ಸಂತೆಯ ದಾರಿ ಬಿಟ್ಟು ಹಿಂಬಳಸಿ ಮನೆಗೆ ಬಂದರು.

ಮಾಯೆನ್ ಊರ ಕೋರ್ಟಿಗೂ ಹೋದಳು. ಮೂವರು ಹಿರಿಯರು, ಒಬ್ಬ ಬರೆಯುವವನು. ತೆರ ಬಂದ ವರ್ಷ ಹನ್ನೆರಡಕ್ಕೆ ಒಂದು ಶಿಲಿಂಗಿತ್ತು, ಅವನು ಕೊಟ್ಟದ್ದು ಐವತ್ತು ಶಿಲಿಂಗಿನ ಕಡಗ, ಈಗ ಕೇಳುವುದು ಮೂರು ಪಟ್ಟು ಎಂದು ಅವಳು ಒಂದೂ ತಪ್ಪದೆ ಹೇಳಿದಳು.

"ಆಗಿನ ಬೆಲೆ ಎಲ್ಲಿ ಬರೆದಿದೆ ತಾಯಿ?" ಎಂದ ಬರೆಯುವವನು.

"ಎಲ್ಲರಿಗೂ ಗೊತ್ತಲ್ಲಪ್ಪ."

"ಎಲ್ಲರಿಗೂ ಗೊತ್ತಿದ್ದದ್ದು ಬರೆದದ್ದಾಗಲ್ಲ. ನಾಲ್ಕಕ್ಕೊಂದು, ಅದು ಬರೆದಿದೆ."

ಹಿರಿಯರಲ್ಲಿ ಒಬ್ಬ ಅವಳ ಮುಖ ನೋಡದೆ ನೆಲ ನೋಡಿದ. ನೂರೈವತ್ತು ಎಂದು ತೀರ್ಪಾಯಿತು.

ಮಳೆಗಾಲ ಹತ್ತಿದಾಗ ಇಮಾ ಹೆತ್ತಳು. ಗಂಡು. ಬಲಗೈ ಮಣಿಕಟ್ಟು ಸರಿಯಿಲ್ಲದ್ದರಿಂದ ಅವಳು ಕೂಸನ್ನು ಯಾವಾಗಲೂ ಎಡಕ್ಕೇ ಎತ್ತಿಕೊಳ್ಳುತ್ತಿದ್ದಳು. ಉಮೊರೆನ್ ಹೆಸರು ಹೇಳಿಕಳಿಸಿದ: ನಮ್ಮಪ್ಪನ ಹೆಸರೇ ಇಡಿ, ಮೊಲೆ ಬಿಡುವವರೆಗೆ ಇಟ್ಟುಕೊಳ್ಳಿ, ಆಮೇಲೆ ಬರ್ತೀನಿ. ತವರಿನವರು ಅವನನ್ನು ಆ ಹೆಸರಿನಿಂದ ಕರೆಯಲಿಲ್ಲ. ಬೇರೆ ಹೆಸರನ್ನೂ ಇಡಲಿಲ್ಲ. ಮರಿ ಅನ್ನುತ್ತಿದ್ದರು.

ಮಾಯೆನ್ ಹೊಸ ಡಬ್ಬಿಯೊಂದನ್ನು ಒಲೆಯ ಪಕ್ಕದ ಕುಳಿಯಲ್ಲಿಟ್ಟು ಮತ್ತೆ ಮೊದಲಿನಿಂದ ಶುರುಮಾಡಿದಳು. ಆ ವರ್ಷವೇ ಹೊಳೆಯ ಆಚೆ ಎಣ್ಣೆಯ ಗಿರಣಿ ಬಂತು. ಗಂಡಸರು ಗೊನೆಗಳನ್ನು ಇಡಿಯಾಗಿ ಸೈಕಲ್ಲಿಗೆ ಕಟ್ಟಿ ಅಲ್ಲಿಗೇ ಹಾಕಿ, ಕೈಗೆ ಶಿಲಿಂಗು ಎಣಿಸಿಕೊಂಡು ಬರತೊಡಗಿದರು. ಗೊನೆಯ ಜೊತೆಗೆ ಬೀಜವೂ ಹೋಯಿತು. ಹೆಂಗಸರಿಗೆ ಉಳಿದದ್ದು ಉದುರಿದ್ದು, ಇಲಿ ಕಡಿದದ್ದು. ಅದನ್ನೇ ಕಾಡಿನ ಅಂಚಿನಲ್ಲಿ ಆಯ್ದು ತಂದು ತಾಯಿ ಮಗಳು ಒಡೆದರು. ಒಂದು ಬುಟ್ಟಿ ಒಡೆದರೆ ಮೂರು ಪೆನ್ನಿ. ಉಪ್ಪಿಗೆ ಒಂದು ಹೋದರೆ ಡಬ್ಬಿಗೆ ಎರಡು. ಇಮಾ ಎಡಗೈಯಲ್ಲಿ ಕಲ್ಲು ಹಿಡಿಯುವುದನ್ನು ಕಲಿತಳು.

ಆರುನೂರು ಕಡಗವನ್ನು ಯಾರಿಗೂ ಹೇಳುವಂತಿರಲಿಲ್ಲ. ಕಮ್ಮಾರನೊಬ್ಬ ಗುಟ್ಟಾಗಿ ತೂಕಕ್ಕೆ ಕೊಳ್ಳುತ್ತಾನೆಂದು ತಿಳಿದು ಮಾಯೆನ್ ಸೊಪ್ಪಿನ ಅಡಿಯಲ್ಲಿ ಸ್ವಲ್ಪ ಸ್ವಲ್ಪವೇ ಹೊತ್ತುಹೋದಳು. ಎಲ್ಲಾ ಸೇರಿ ಇಪ್ಪತ್ತು ಶಿಲಿಂಗು ಕೊಟ್ಟ. ಕೊನೆಯ ಸಲ ಅವಳು ಎರಡು ಕಡಗ ಬೇರೆ ತೆಗೆದಿಟ್ಟು, ತಟ್ಟಿ, ಮತ್ತೊಮ್ಮೆ ತಟ್ಟಿ ಅವನಿಗೆ ಕೊಟ್ಟಳು. "ಇವೆರಡನ್ನ ಕರಗಿಸಿ ಮಗುವಿನ ಸೊಂಟಕ್ಕೆ ಒಂದು ಗಂಟೆ ಮಾಡಿಕೊಡಪ್ಪ." ಮರಿ ನಡೆಯತೊಡಗಿದಾಗ ಅವನು ಯಾವ ಗಿಡದ ಮರೆಯಲ್ಲಿದ್ದರೂ ಅವಳಿಗೆ ಗೊತ್ತಾಗುತ್ತಿತ್ತು.

ಎರಡು ವರ್ಷಕ್ಕೆ ನೂರ ಹದಿನೆಂಟು ಶಿಲಿಂಗಾಯಿತು. ಉಮೊರೆನ್ ಬಂದ, ಜೊತೆಗೆ ಅವನ ಅಕ್ಕ.

"ಮೂವತ್ತೆರಡು ಕಡಿಮೆ" ಎಂದಳು ಮಾಯೆನ್, ಡಬ್ಬಿಯನ್ನು ಅವನ ಮುಂದಿಟ್ಟು. "ಒಂದು ಸುಗ್ಗಿ ತಡೀರಿ ಅಳಿಯಂದ್ರೇ. ನಾನು ನಿಮ್ಮ ಕಾಲು ಹಿಡೀತೀನಿ."

"ನೀವು ನೂರೈವತ್ತೂ ಕೊಟ್ಟರೆ ಇಮಾನ ಬಿಡಬಹುದು ಅತ್ತೆ. ಮಗು ಅದಕ್ಕೆ ಮೊದಲು ಹುಟ್ಟಿದ್ದು. ಅದು ಯಾವ ಡಬ್ಬಿಗೂ ಸಿಗಲ್ಲ." ಅವನು ಅದನ್ನು ಗಟ್ಟಿಯಾಗಿಯೇನೂ ಹೇಳಲಿಲ್ಲ. ಮಗುವನ್ನು ಎತ್ತಿ ಅಕ್ಕನ ಬೆನ್ನಿಗೆ ಕಟ್ಟಿದ. ಮರಿ ಮೊದಲು ಸವಾರಿಯೆಂದು ನಕ್ಕ. ಊರು ದಾಟುವ ಹೊತ್ತಿಗೆ ಅಳುತ್ತಿದ್ದ. ಗಂಟೆಯ ಸದ್ದು ಅಳುವಿಗಿಂತ ದೂರದವರೆಗೆ ಕೇಳಿತು.

ಮೂರನೆಯ ದಿನ ಇಮಾ ತನ್ನ ಬಟ್ಟೆ ಗಂಟು ಕಟ್ಟಿದಳು. ಮಾಯೆನ್ ತಡೆಯಲಿಲ್ಲ. "ಹೊಡೀತಾನೆ" ಎಂದಳು ಅಷ್ಟೆ.

"ಹೊಡೀಲಿ. ಮರಿ ರಾತ್ರಿ ಯಾರ ಪಕ್ಕ ಮಲಗ್ತಾನೋ ಗೊತ್ತಿಲ್ಲ ಅವ್ವ."

ಮಾಯೆನ್ ಬೀಜ ಒಡೆಯುವುದನ್ನು ನಿಲ್ಲಿಸಲಿಲ್ಲ. ಮುಂದಿನ ಸುಗ್ಗಿ ಕಳೆದು, ಸಾರಿಗೆ ಎಣ್ಣೆ ಹಾಕುವುದನ್ನೇ ಬಿಟ್ಟು ಒಣ ಗೆಣಸು ತಿಂದು, ಮೂವತ್ತೆರಡನ್ನೂ ತುಂಬಿದಳು. ನೂರೈವತ್ತು. ಡಬ್ಬಿ ತಲೆಯ ಮೇಲಿಟ್ಟುಕೊಂಡು ಒಬ್ಬಳೇ ಉಮೊರೆನ್‌ನ ಮನೆಗೆ ಹೋದಳು. ಇನ್ಯಾಂಗ್ ಮುದುಕ ಅಷ್ಟರಲ್ಲಿ ಸತ್ತಿದ್ದ. ಎಣಿಸಿಕೊಡುವವರು ಯಾರೂ ಇರಲಿಲ್ಲ.

ಉಮೊರೆನ್ ಮನೆಯಲ್ಲಿರಲಿಲ್ಲ. ಇಮಾ ಅಂಗಳ ಗುಡಿಸುತ್ತಿದ್ದಳು, ಎಡಗೈಯಲ್ಲಿ. ತಾಯಿಯನ್ನು ನೋಡಿ ಪೊರಕೆ ಇಟ್ಟು, ಡಬ್ಬಿಯನ್ನು ಕೆಳಗಿಳಿಸಲು ಕೈ ಕೊಟ್ಟಳು. ಕೈಗೆ ಬಂದ ಭಾರದಲ್ಲೇ ಅವಳಿಗೆ ಗೊತ್ತಾಯಿತು.

"ತುಂಬಿತಾ?"

"ತುಂಬಿತು."

ಇಮಾ ಡಬ್ಬಿಯನ್ನು ಕೆಳಗಿಡಲಿಲ್ಲ. ಎದೆಗೆ ಒರಗಿಸಿಕೊಂಡೇ ನಿಂತಳು. "ಇದನ್ನ ಕೊಟ್ಟರೆ ನಾನು ಈ ಮನೆಯೋಳಲ್ಲ ಅವ್ವ. ಆ ಬೇಲಿ ಆಚೆ ನಿಂತು ನೋಡಬೇಕು ಮರಿನ. ಅದಕ್ಕೂ ಇವರು ಬಿಟ್ಟರೆ." ಮನೆಯ ಹಿಂದೆ ಗಂಟೆ ಸದ್ದಾಯಿತು, ಓಡುತ್ತಿದ್ದ ಸದ್ದು, ಕೋಳಿಯನ್ನೋ ಏನನ್ನೋ ಅಟ್ಟಿಸಿಕೊಂಡು. "ಮರಿ ಅಪ್ಪನಿಗೆ ಹೇಳಬೇಡ, ತುಂಬಿದೆ ಅಂತ. ಕೊಟ್ಟುಬಿಡು ಅಂತಾನೆ. ಇವತ್ತಲ್ಲ ನಾಳೆ ಅವನಿಗೆ ಶಿಲಿಂಗು ಬೇಕಾಗತ್ತೆ."

"ಹಾಗಾದರೆ ಏನು ಮಾಡಲಿ ಇದನ್ನ?"

"ನಂಗೊತ್ತಿಲ್ಲ ಅವ್ವ. ಎಣ್ಣೆ ತಗೊಂಡು ಸಾರಿಗೆ ಹಾಕ್ಕೋ. ಮೂಳೆ ಕಾಣ್ತಾ ಇದೆ ನಿನ್ನ."

ಸದ್ದು ಮನೆಯ ಮೂಲೆ ತಿರುಗಿ ಹತ್ತಿರ ಬಂತು. ಮರಿ ಬಂದು ತಾಯಿಯ ಕಾಲು ತಬ್ಬಿಕೊಂಡ. ಮಾಯೆನ್‌ಳನ್ನು ನೋಡಿದ, ಗುರುತು ಹತ್ತಲಿಲ್ಲ. ಯಾರೋ ಒಳಗಿನಿಂದ ಅವನ ತಾತನ ಹೆಸರು ಕೂಗಿದರು. ಅವನು ತಟ್ಟನೆ ತಿರುಗಿ ಓಗೊಟ್ಟ.

ಇಮಾ ಡಬ್ಬಿಯನ್ನು ತಾಯಿಯ ತಲೆಗೆ ಎತ್ತಿದಳು, ಸಿಂಬಿ ಸರಿಮಾಡಿದಳು. ಬೇಲಿ ದಾಟಿ ಮಾಯೆನ್ ಒಂದು ಗಳಿಗೆ ನಿಂತಳು. ಗಂಟೆಯಲ್ಲಿ ಸೀಸವಿರಲಿಲ್ಲ, ಸದ್ದು ತೆಳ್ಳಗಾಗುತ್ತ ಒಳಗಿನ ಕೋಣೆಯವರೆಗೆ ಹೋಗಿ ನಿಂತಿತು. ಆಮೇಲೆ ಅವಳು ನಡೆದಳು. ಹೊಳೆಯ ಹತ್ತಿರ ಉಮೊರೆನ್ ಸೈಕಲ್ಲಿನಲ್ಲಿ ಎದುರಾದ. "ಏನತ್ತೆ, ಡಬ್ಬಿಯಲ್ಲಿ?" ಎಂದ.

"ಬೀಜ" ಎಂದಳು ಮಾಯೆನ್, ದಾರಿ ಬಿಟ್ಟು ಪಕ್ಕಕ್ಕೆ ನಿಂತು.